ಎಡಗೈಗೆ ಧಾರ ಹಚ್ಚಿದವರು

ಅವರ ಎಡಗೈ ಹೆಬ್ಬೆರಳಿನ ಉಗುರಿನ ತುಂಬ ಗೀರುಗಳಿದ್ದವು. ಒಂದರ ಮೇಲೊಂದು, ಅಡ್ಡಡ್ಡ, ಕೂದಲೆಳೆಯಷ್ಟು ಸಣ್ಣ ಗೀರುಗಳು. ಕುಡಗೋಲನ್ನು ಸಾಣೆಯ ಗಾಲಿಯಿಂದ ತೆಗೆದ ಕೂಡಲೇ ಅದರ ಬಾಯನ್ನು ಆ ಉಗುರಿನ ಮೇಲೆ ಮೆಲ್ಲಗೆ ಇಡುತ್ತಿದ್ದರು. ಜಾರಿದರೆ ಧಾರ ಇನ್ನೂ ಬಂದಿಲ್ಲ, ಕಚ್ಚಿ ನಿಂತರೆ ಬಂದಿದೆ. ಇಷ್ಟೇ ಅವರ ಪರೀಕ್ಷೆ. ನಾವೆಲ್ಲ ಅವರನ್ನು ಸಾಣಿ ಕಾಕಾ ಎನ್ನುತ್ತಿದ್ದೆವು.

ಬಸವಕಲ್ಯಾಣದಲ್ಲಿ ಅವರದೊಂದು ಸಣ್ಣ ಅಂಗಡಿಯಿತ್ತು. ವಾರದ ಸಂತೆಗೆ ನಮ್ಮ ರಾಜೇಶ್ವರಕ್ಕೆ ಬರುತ್ತಿದ್ದರು, ಹುಮನಾಬಾದಿನ ಸಂತೆಗೂ ಹೋಗುತ್ತಿದ್ದರು. ಹಳೆಯ ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪೆಡಲು ತುಳಿಯುತ್ತ, ಹ್ಯಾಂಡಲ್ಲಿನ ಹತ್ತಿರ ಕೂಡಿಸಿದ ಕಲ್ಲಿನ ಗಾಲಿ ತಿರುಗಿಸುವರು. ಆದರೆ ಕಾಲು ಪೆಡಲಿಗೆ ಹೋಗುವ ಮೊದಲು ಬಾಯಿ ಕೆಲಸ ಮಾಡಬೇಕು. ಡಾಕ್ಟರು ಕೂಡ ರೋಗಿಯನ್ನು ಅಷ್ಟು ಕೇಳುತ್ತಿರಲಿಲ್ಲ. ಜೋಳಕ್ಕೋ, ತೊಗರಿಗೋ, ಹುಲ್ಲಿಗೋ? ಕರಿ ಭೂಮಿಯೋ, ಕೆಂಪು ಭೂಮಿಯೋ? ಕಲ್ಲಿನ ಹೊಲವೋ? ತೊಗರಿ ಕಟ್ಟಿಗೆಯಂಥ ಗಿಡ, ಅದಕ್ಕೆ ಬಾಯಿ ದಪ್ಪ ಇಡಬೇಕು, ತೆಳ್ಳಗೆ ಮಾಡಿದರೆ ಮುಕ್ಕಾಗುತ್ತದೆ. ಜೋಳದ ದಂಟಿಗೆ ಅದಕ್ಕಿಂತ ತೆಳ್ಳಗೆ. ಹುಲ್ಲಿಗೆ ಇನ್ನೂ ತೆಳ್ಳಗೆ. ಯಾರಾದರೂ "ಎಲ್ಲಕ್ಕಿಂತ ಹರಿತ ಮಾಡಿಕೊಡ್ರಿ" ಎಂದರೆ ಸಿಟ್ಟು ನೆತ್ತಿಗೇರುತ್ತಿತ್ತು.

"ಎಷ್ಟ ಹರಿತ ಬೇಕಂತ ಹೇಳಬ್ಯಾಡ್ರಿ, ಯಾತಕ್ಕ ಬೇಕಂತ ಹೇಳ್ರಿ" ಎನ್ನುವರು.

ಇಷ್ಟೆಲ್ಲ ಕೇಳುವ ಮನುಷ್ಯ ಆಗ ಒಂದನ್ನು ಮಾತ್ರ ಕೇಳುತ್ತಿರಲಿಲ್ಲ. ಯಾವ ಕೈಯಿಂದ ಕೊಯ್ಯುತ್ತೀರಿ ಎಂದು. ಕೇಳಿದರೂ ನಮ್ಮ ಕಡೆ ಯಾರೂ ಎಡಗೈ ಎಂದು ಬಾಯಿಬಿಡುತ್ತಿರಲಿಲ್ಲ.

ನಾನು ಎಡಚಿ. ಬಳಪವನ್ನು ಅಪ್ಪ ಬಲಗೈಗೇ ಕೊಟ್ಟಿದ್ದರಿಂದ ಬರೆಯುವುದು ಬಲಗೈಯಿಂದ, ಇದನ್ನೂ ಹಾಗೆಯೇ ಬರೆಯುತ್ತಿದ್ದೇನೆ. ಆದರೆ ಕುಡಗೋಲು ಹಿಡಿದರೆ ಎಡಗೈಯೇ ಮುಂದಾಗುತ್ತದೆ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ನಮ್ಮಜ್ಜಿ ನನ್ನನ್ನು ಆಡಿಕೊಂಡು ನಗುತ್ತಿದ್ದಳು. ನನ್ನ ತವರೂರು ಹುಡಗಿ, ಅಲ್ಲಿ ಅದು ನಗುವ ವಿಷಯವಾಗಿತ್ತು. ಮದುವೆಯಾಗಿ ರಾಜೇಶ್ವರಕ್ಕೆ ಬಂದ ಮೇಲೆ ನಗು ನಿಂತಿತು. ಅದು ಅರವತ್ತರ ದಶಕದ ನಡುವಿನ ಮಾತು.

ಗಂಡ ಹುಮನಾಬಾದಿನ ದಾಲ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ, ವಾರಕ್ಕೊಮ್ಮೆ ಮನೆಗೆ ಬರುವವ. ಅತ್ತೆ ಮತ್ತು ನಾನು ಸುಗ್ಗಿಯಲ್ಲಿ ಜೋಳ ಕೊಯ್ಯುವ ಹೆಂಗಸರ ಗುಂಪಿನಲ್ಲಿ ಹೋಗಬೇಕು. ಗುಂಪಿನ ಮುಂದಾಳು ಒಬ್ಬ ಗಟ್ಟಿ ಹೆಂಗಸು, ಎಲ್ಲರೂ ಆಕೆಯನ್ನು ದೊಡ್ಡಕ್ಕ ಎನ್ನುತ್ತಿದ್ದರು. ಎಡಗೈಯಿಂದ ಕೊಯ್ದ ಹೊಲದಲ್ಲಿ ರಾಶಿ ಕಡಿಮೆಯಾಗುತ್ತದೆ ಎಂಬ ನಂಬಿಕೆ ಒಂದು ಕಡೆ. ಸಾಲಾಗಿ ಕೂತು ಕೊಯ್ಯುವಾಗ ಎಡಚಿಯ ಮೊಣಕೈ ಪಕ್ಕದವಳ ಮೊಣಕೈಗೆ ತಾಗುತ್ತದೆ ಎಂಬುದು ಇನ್ನೊಂದು ಕಡೆ. ಹಿಂದಿನ ವರ್ಷವಷ್ಟೇ ಒಬ್ಬ ಎಡಚಿಯನ್ನು ದೊಡ್ಡಕ್ಕ ನಡು ಸುಗ್ಗಿಯಲ್ಲಿ ಮನೆಗೆ ಕಳಿಸಿದ್ದಳಂತೆ. ಅದಕ್ಕೇ ಅತ್ತೆ ಹೋಗುವ ಮೊದಲೇ "ನನ್ನ ಸೊಸಿ ಬಲಗೈನೇ" ಎಂದು ಆಕೆಗೆ ಮಾತು ಕೊಟ್ಟುಬಿಟ್ಟಿದ್ದಳು. ಆ ಸುಳ್ಳನ್ನು ಹೊತ್ತುಕೊಂಡು ನಾನು ಹೊಲಕ್ಕಿಳಿದೆ.

ಬಲಗೈಯಿಂದ ಕೊಯ್ದರೆ ನಾನು ಹಿಂದೆ ಬೀಳುತ್ತಿದ್ದೆ. ಆಳೆತ್ತರದ ಜೋಳದ ಮರೆಯಿರುವಾಗ ಕೈ ಬದಲಿಸುವೆ, ದೊಡ್ಡಕ್ಕನ ಕೆಮ್ಮು ಕೇಳಿದ ಕೂಡಲೇ ಮತ್ತೆ ಬಲಗೈ. ಆದರೆ ಕುಡಗೋಲಿಗೆ ಕಳ್ಳಾಟ ಗೊತ್ತಿಲ್ಲ. ಅದರ ಬಾಯಿಗೆ ಒಂದೇ ಮಗ್ಗುಲು ಇಳಿಜಾರು, ಇನ್ನೊಂದು ಮಗ್ಗುಲು ಚಪ್ಪಟೆ. ಬಲಗೈಯಲ್ಲಿ ಹಿಡಿದರೆ ಚಪ್ಪಟೆ ಮಗ್ಗುಲು ನೆಲದ ಕಡೆಗಿದ್ದು, ಧಾರ ದಂಟಿನ ಬುಡಕ್ಕೆ ಇಳಿಯುತ್ತದೆ. ಎಡಗೈಯಲ್ಲಿ ಹಿಡಿದರೆ ಎಲ್ಲ ತಿರುವುಮುರುವು, ಧಾರ ದಂಟಿನಗುಂಟ ಮೇಲೇರುತ್ತದೆ. ಮೇಲೆ ಇರುವುದು ದಂಟು ಹಿಡಿದ ಇನ್ನೊಂದು ಕೈ. ಮೊದಲ ದಿನ ಕಿರುಬೆರಳಿನ ಚರ್ಮ ಹೋಯಿತು. ನಾಲ್ಕನೆಯ ದಿನ ಎಲುಬು ಕಂಡಿತು. ಹಳೆ ಸೀರೆಯ ಚಿಂದಿ ಸುತ್ತಿಕೊಂಡು, ರೊಟ್ಟಿ ಬಡಿಯುವಾಗ ಸುಟ್ಟಿತು ಎಂದು ಎಲ್ಲರಿಗೂ ಹೇಳಿದೆ. ಸುಗ್ಗಿ ಮುಗಿಯಲು ಇನ್ನೂ ಒಂದು ತಿಂಗಳಿತ್ತು. ಅಷ್ಟರಲ್ಲಿ ಬೆರಳು ಹೋಗುತ್ತದೆ ಎಂದು ನನಗೆ ಖಾತ್ರಿಯಾಗಿತ್ತು.

ಸಂತೆಯ ದಿನ ಅತ್ತೆ ನನ್ನ ಕುಡಗೋಲನ್ನು ಸಾಣಿ ಕಾಕಾನ ಮುಂದಿಟ್ಟಳು. ಕಾಕಾ ಅದನ್ನು ಬಿಸಿಲಿಗೆ ಹಿಡಿದು, ಹೊರಳಿಸಿ ಹೊರಳಿಸಿ ನೋಡಿದರು. ಚಪ್ಪಟೆಯ ಮಗ್ಗುಲಲ್ಲಿ ಇರಬೇಕಾದ ಮಣ್ಣಿನ ಉಜ್ಜು ಇಳಿಜಾರಿನ ಮಗ್ಗುಲಲ್ಲಿತ್ತು.

"ಇದು ಯಾರ ಕೈಯಾಗ ಇರ್ತದ ಅಕ್ಕಾ?"

"ನನ್ನ ಕೈಯಾಗೇ ಇರ್ತದ್ರಿ" ಎಂದಳು ಅತ್ತೆ.

ಕಾಕಾ ಅತ್ತೆಯ ಕೈ ನೋಡಿದರು. ಸುಗ್ಗಿ ಮಾಡಿದ ಎಲ್ಲ ಹೆಂಗಸರ ಹಾಗೆ ಆಕೆಯ ಹಳೆಯ ಗಾಯಗಳೆಲ್ಲ ಎಡಗೈ ಬೆರಳಿಗಿದ್ದವು. ಆಮೇಲೆ ಅವರ ಕಣ್ಣು ಪಕ್ಕದಲ್ಲಿದ್ದ ನನ್ನ ಮೇಲೆ ಬಿತ್ತು. ಚಿಂದಿ ಸುತ್ತಿದ್ದು ಬಲಗೈಗೆ. ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ, ಆದರೆ ಅವರು ಓದಿ ಮುಗಿಸಿದ್ದರು. ನಮ್ಮ ಬೆನ್ನ ಹಿಂದೆ ತನ್ನ ಕುಡಗೋಲು ಹಿಡಿದು ನಿಂತಿದ್ದವಳು ದೊಡ್ಡಕ್ಕ.

"ಏನಾಗ್ಯಾದ ಕಾಕಾ? ಎಷ್ಟೊತ್ತು ನೋಡ್ತೀರಿ?"

ಅತ್ತೆಯ ಮುಖ ಬೂದಿಯಾಗಿತ್ತು. ಇವರ ಬಾಯಿಂದ ಒಂದೇ ಒಂದು ಮಾತು ಬಂದರೆ ಇಬ್ಬರ ಕೂಲಿಯೂ ಹೋಯಿತು, ಅತ್ತೆಯ ಮಾತಿನ ಮರ್ಯಾದೆಯೂ ಹೋಯಿತು, ನಾನು ತವರಿನ ಹಾದಿ ಹಿಡಿಯುವುದೊಂದು ಬಾಕಿ.

"ಏನಿಲ್ಲವ್ವ, ಇದರ ಬಾಯಿ ಪೂರಾ ಕೆಟ್ಟದ" ಎಂದರು ಕಾಕಾ. "ಸಂತ್ಯಾಗ ಆಗೋ ಕೆಲಸ ಅಲ್ಲ. ನಾಳಿ ಕಲ್ಯಾಣಕ್ಕ ಕಳಸ್ರಿ ಅಕ್ಕಾ. ಯಾರು ಕೊಯ್ತಾರೋ ಅವರನ್ನೇ ಕಳಸ್ರಿ."

ಮರುದಿನ ಮೈಗೆ ಹುಷಾರಿಲ್ಲವೆಂದು ಹೇಳಿ ನಾನೊಬ್ಬಳೇ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಕಾಕಾ ಕುಡಗೋಲು ಕೇಳಲಿಲ್ಲ, ಕೈ ತೋರಿಸು ಎಂದರು. ಎಡ ಅಂಗೈಯ ಜಡ್ಡು ಮುಟ್ಟಿ ನೋಡಿದರು. ನನಗೆ ಅಳು ತಡೆಯಲಾಗಲಿಲ್ಲ.

"ಯಾಕ ಅಳ್ತಿ ತಂಗಿ? ಕೈ ಏನು ಕಳುವು ಮಾಡಿ ತಂದಿಯೇನು?"

ಇಷ್ಟು ವರ್ಷವಾದರೂ ಆ ಮಾತು ಮರೆತಿಲ್ಲ. ನನ್ನ ಕೈಯ ಬಗ್ಗೆ ಹಾಗೆ ಮಾತಾಡಿದ ಮೊದಲ ಮನುಷ್ಯ ಅವರು. ಆದರೆ ಮುಂದಿನ ಮಾತು ಅಷ್ಟು ಮೆತ್ತಗಿರಲಿಲ್ಲ.

"ಇಳಿಜಾರು ಆ ಕಡಿದು ಈ ಕಡಿಗಿ ತರ್ತೀನಿ. ಆಗ ಇದು ನಿನ್ನ ಎಡಗೈಗೇ ಕುಡಗೋಲು. ಆದ್ರ ನಿನಗ ಛಲೋ ಆದಷ್ಟೇ ಮಂದಿಗಿ ಕೆಟ್ಟ ಆಗ್ತದ. ಬಲಗೈಯವರು ಹಿಡಿದ್ರ ಅವರ ಬೆರಳಿಗಿ ಏರ್ತದ. ಹೊಲಕ್ಕ ಕಾಲಿಡೋ ಮೊದಲ ಗುಂಪಿನವರಿಗಿ ಹೇಳಬೇಕು. ನಾ ಎಡಚಿ ಇದ್ದೀನಿ, ನನ್ನ ಕುಡಗೋಲು ಮುಟ್ಟಬ್ಯಾಡ್ರಿ ಅಂತ. ಹೇಳ್ತಿಯೇನು?"

"ಹೇಳಿದ್ರ ತೆಗದ ಹಾಕ್ತಾರ್ರಿ ಕಾಕಾ."

"ಹಾಕಬಹುದು" ಎಂದರು. ಸಮಾಧಾನದ ಒಂದು ಮಾತೂ ಇಲ್ಲ. ಗಾಲಿಯ ಕಲ್ಲನ್ನು ಒರೆಸುತ್ತ ಮತ್ತೆ ಹೇಳಿದರು: "ನಾರಾಯಣಪುರದ ಒಬ್ಬನಿಗಿ ಹಿಂಗೇ ಮಾಡಿಕೊಟ್ಟಿದ್ದೆ. ಯಾರಿಗೂ ಹೇಳಬ್ಯಾಡ್ರಿ ಅಂದ, ನಾನೂ ಹ್ಞೂಂ ಅಂದೆ. ಎಂಟ ದಿವಸಕ್ಕ ಅವನ ತಂಗಿ ಅದನ್ನ ಹಿಡಕೊಂಡು ಹುಲ್ಲಿಗಿ ಹೋದಳು." ತಮ್ಮ ಎರಡು ಬೆರಳು ಮಡಚಿ ತೋರಿಸಿದರು. "ಆ ಧಾರ ಹಚ್ಚಿದಾಂವ ನಾನೇ."

ನಾನು ಹೇಳುತ್ತೇನೆ ಎಂದು ಮಾತು ಕೊಟ್ಟೆ. ಅಂದು ಇಡೀ ಮುಂಜಾನೆ ಅವರು ಬೇರೆ ಕೆಲಸ ಮುಟ್ಟಲಿಲ್ಲ. ಕಲ್ಲಿಗೆ ನೀರು ಹನಿಸುತ್ತ, ಕಬ್ಬಿಣ ಕಾಯದಂತೆ ನಿಲ್ಲಿಸಿ ನಿಲ್ಲಿಸಿ, ಹಳೆಯ ಇಳಿಜಾರನ್ನು ತೇಯ್ದು ಚಪ್ಪಟೆ ಮಾಡಿ, ಚಪ್ಪಟೆಯಿದ್ದಲ್ಲಿ ಹೊಸ ಇಳಿಜಾರು ತೆಗೆದರು. ಕುಡಗೋಲು ಅರ್ಧ ಬೆರಳಷ್ಟು ಸಣ್ಣದಾಯಿತು. ಉಗುರಿನ ಮೇಲಿಟ್ಟು ನೋಡಿ, ಒಂದು ಕಟ್ಟು ಜೋಳದ ದಂಟನ್ನು ನನ್ನ ಮುಂದೆ ನಿಲ್ಲಿಸಿ ಹಿಡಿದರು. ಎಡಗೈಯಿಂದ ಎಳೆದೆ. ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ ಧಾರ ಬುಡಕ್ಕೆ ಇಳಿಯಿತು. ಹದಿನೇಳು ವರ್ಷ ನನ್ನ ಕೈ ಕೆಟ್ಟದ್ದು ಎಂದುಕೊಂಡಿದ್ದೆ, ಕೆಟ್ಟದ್ದು ಕೈಯಲ್ಲ ಎಂದು ಆಗ ಗೊತ್ತಾಯಿತು.

ಮನೆಗೆ ಬಂದು ಹೇಳಿದರೆ ಅತ್ತೆ ಕೈಮುಗಿದೇಬಿಟ್ಟಳು. "ನಿನ್ನ ಕಾಲಿಗಿ ಬೀಳ್ತೀನಿ, ಬಾಯಿ ಬಿಡಬ್ಯಾಡ. ನಾ ಮಾತ ಕೊಟ್ಟೀನಿ." ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನವೂ ಹಾಗೆಯೇ ಎಂದುಕೊಂಡೆ. ಕುಡಗೋಲನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳುತ್ತಿದ್ದೆ. ಎರಡು ದಿನ ಸಾಲು ಸರಸರ ಹೋಯಿತು. ಸುಖ ಬಾಯಿ ಮುಚ್ಚಿಸುತ್ತದೆ.

ಮೂರನೆಯ ದಿನ ಮಧ್ಯಾಹ್ನ ರೊಟ್ಟಿ ತಿಂದು, ಕುಡಗೋಲನ್ನು ಜಾಲಿ ಗಿಡದ ಕೆಳಗೆ ಬಿಟ್ಟು ಅತ್ತೆಯ ಜೊತೆ ನೀರು ಕುಡಿಯಲು ಹೋದೆ. ತಿರುಗಿ ಬರುವಾಗ ನೋಡುತ್ತೇನೆ, ದೊಡ್ಡಕ್ಕ ಎಲ್ಲರಿಗಿಂತ ಮೊದಲೇ ಎದ್ದು ಹೊಲದಲ್ಲಿ ಕೂತಿದ್ದಾಳೆ. ಆಕೆಯ ಕುಡಗೋಲಿನ ಹಿಡಿ ಸಡಿಲಾಗಿತ್ತಂತೆ. ಬಲಗೈಯಲ್ಲಿ ಇದ್ದದ್ದು ನನ್ನ ಕುಡಗೋಲು. ಎಡಗೈಯಲ್ಲಿ ಆಗಲೇ ನಾಲ್ಕು ದಂಟು ಒಟ್ಟಾಗಿದ್ದವು.

ಅತ್ತೆಯೂ ನೋಡಿದಳು. ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು. ಆಕೆಯ ಮುಖ ನೋಡಿದೆ, ಬೇಡ ಎನ್ನುತ್ತಿತ್ತೋ ಓಡು ಎನ್ನುತ್ತಿತ್ತೋ, ಆಕೆಗೇ ಗೊತ್ತಿರಲಿಲ್ಲ. ಕಣ್ಣ ಮುಂದೆ ಕಾಕಾ ಮಡಚಿದ ಎರಡು ಬೆರಳು ಬಂದವು. ಕೈ ಕೊಸರಿಕೊಂಡು ಕೂಗಿದೆ.

"ದೊಡ್ಡಕ್ಕಾ, ಬಿಡ್ರಿ! ಅದು ಎಡಗೈದು! ನಾ ಎಡಚಿ ಇದ್ದೀನ್ರಿ!"

ಆಕೆ ಬೆಚ್ಚಿ ದಂಟು ಬಿಟ್ಟಳು, ಆದರೆ ಕುಡಗೋಲು ಹೊರಟಾಗಿತ್ತು. ದಂಟಿನಗುಂಟ ಮೇಲೇರಿ ಗಾಳಿಯಲ್ಲಿ ಬೀಸಿ ನಿಂತಿತು. ಆಕೆಯ ಕಿರುಬೆರಳಿನ ಬುಡದಲ್ಲಿ ತೆಳ್ಳಗೆ ರಕ್ತದ ಗೆರೆ ಮೂಡಿತು. ಹಿಡಿತ ಬಿಡದಿದ್ದರೆ ಏನಾಗುತ್ತಿತ್ತೆಂದು ಅಲ್ಲಿದ್ದ ಎಲ್ಲ ಹೆಂಗಸರಿಗೂ ತಿಳಿಯಿತು.

"ಎಷ್ಟ ದಿವಸದಿಂದ ಎಡಚಿ?" ಎಂದಳು ದೊಡ್ಡಕ್ಕ.

"ಹುಟ್ಟಿದಾಗಿಂದ್ರಿ."

ಯಾರೋ ಕಿಸಕ್ಕೆಂದರು. ದೊಡ್ಡಕ್ಕ ನಗಲಿಲ್ಲ. ಕುಡಗೋಲನ್ನು ನನ್ನ ಮುಂದೆ ನೆಲಕ್ಕಿಟ್ಟು, "ಕೊಯ್ದು ತೋರಸು" ಎಂದಳು. ಎಲ್ಲರೂ ನಿಂತು ನೋಡುತ್ತಿರುವಾಗ ಎರಡು ಸಾಲು ಕೊಯ್ದೆ, ನಡುವೆ ತಲೆ ಎತ್ತಲಿಲ್ಲ. ಮುಗಿಸಿ ತಿರುಗಿದಾಗ ಆಕೆ ಬೆರಳಿಗೆ ಚಿಂದಿ ಸುತ್ತುತ್ತ ಕೂತಿದ್ದಳು.

"ಎಡಗಡಿ ತುದಿಗಿ ಕೂಡು. ನಿನ್ನ ಮೊಣಕೈ ಬಯಲಿಗಿ ಇರ್ಲಿ. ಇನ್ನೊಮ್ಮೆ ಹಿಂಗ ಮುಚ್ಚಿಟ್ಟಿ ಅಂದ್ರ ನನ್ನ ಗುಂಪಿನಾಗ ನಿನಗ ಜಾಗಾ ಇಲ್ಲ. ನಿಮ್ಮತ್ತಿಗೂ ಇಲ್ಲ."

ಇಷ್ಟು ಸುಲಭದ ಉಪಾಯ ಅದುವರೆಗೆ ಯಾರ ತಲೆಗೂ ಹೊಳೆದಿರಲಿಲ್ಲ. ಅವತ್ತಿನಿಂದ ಹನ್ನೆರಡು ಸುಗ್ಗಿ ಸಾಲಿನ ಎಡ ತುದಿ ನನ್ನದೇ ಆಯಿತು. ರಾಶಿಯೇನೂ ಕಡಿಮೆಯಾಗಲಿಲ್ಲ.

ಮುಂದಿನ ಸಂತೆಗೆ ಕಾಕಾನ ಬಳಿಗೆ ಓಡಿ ಹೋದೆ. ನನ್ನನ್ನು ಉಳಿಸಿದ್ದು ನೀವೇ ಎಂದು ಹೇಳಬೇಕೆಂದಿತ್ತು. ಅವರು ಕೇಳಿದ್ದು ಒಂದೇ, ಯಾವಾಗ ಹೇಳಿದೆ ಎಂದು. ಆಕೆ ಕುಡಗೋಲು ಹಿಡಿದ ಮೇಲೆ ಎಂದೆ. ಅವರ ಮುಖ ಕಪ್ಪಿಟ್ಟಿತು. ಕುಡಗೋಲನ್ನು ಮುಟ್ಟದೆ ಹಿಂದೆ ಸರಿಸಿ, ನನ್ನ ಹಿಂದೆ ನಿಂತವಳನ್ನು ಕರೆದರು. ಸಂತೆಯ ನಡುವೆ ನಾನು ಕಳ್ಳಿಯ ಹಾಗೆ ನಿಂತೆ. ಸಿಟ್ಟು ಬಂತು, ನಾಚಿಕೆಯೂ ಆಯಿತು. ಹದಿನೈದು ದಿನ ಮೊಂಡು ಕುಡಗೋಲಿನಲ್ಲೇ ಕೊಯ್ದೆ. ಮೂರನೆಯ ವಾರ ಅವರೇ ಕೈ ಚಾಚಿ, "ತಾ ಇಲ್ಲಿ" ಎಂದರು. ಅದಕ್ಕಿಂತ ಹೆಚ್ಚಿನ ಕ್ಷಮೆ ಅವರಲ್ಲಿರಲಿಲ್ಲ.

ಆಮೇಲೆ ಅವರು ಎಲ್ಲರನ್ನೂ ಕೇಳತೊಡಗಿದರು. ಜೋಳಕ್ಕೋ ತೊಗರಿಗೋ ಎನ್ನುವುದಕ್ಕಿಂತ ಮೊದಲು, ತುಂಬಿದ ಸಂತೆಯಲ್ಲಿ, ದೊಡ್ಡ ದನಿಯಲ್ಲಿ: "ಯಾವ ಕೈ?" ಮೊದಮೊದಲು ಜನ ಬೈದುಕೊಂಡರು. ನಿಧಾನವಾಗಿ ಒಬ್ಬೊಬ್ಬರೇ ಎಡಚರು ಹೊರಬಿದ್ದರು. ಮುದುಕರೊಬ್ಬರು ನಲವತ್ತು ವರ್ಷ ಬಲಗೈಯಲ್ಲೇ ಏಗಿದ್ದರಂತೆ, ಎಡಗೈ ಎಂದು ಹೇಳಿ ಮಗುವಿನ ಹಾಗೆ ನಕ್ಕರು.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಕಾಕಾ ತೀರಿಕೊಂಡ ಸುದ್ದಿ ಬಂತು. ನಾನೂ ಅತ್ತೆಯೂ ಕಲ್ಯಾಣಕ್ಕೆ ಹೋದೆವು. ಅವರಲ್ಲಿ ಮಣ್ಣು ಮಾಡುವ ರೂಢಿ. ಗಂಡಸರು ಒಂದೊಂದು ಹಿಡಿ ಮಣ್ಣು ಕೊಟ್ಟು ಮುಗಿದ ಮೇಲೆ ಹೆಂಗಸರನ್ನು ಕರೆದರು. ಕುಣಿಯ ಬಳಿ ನಿಂತ ಹಿರಿಯರೊಬ್ಬರು ಒಬ್ಬೊಬ್ಬರಿಗೂ "ಬಲಗೈ, ಬಲಗೈಲೆ ಕೊಡ್ರಿ" ಎಂದು ಹೇಳುತ್ತಿದ್ದರು. ನನ್ನ ಸರದಿ ಬಂತು. ಬಗ್ಗಿದೆ, ಎಡಗೈ ತಾನಾಗಿ ಮುಂದೆ ಹೋಯಿತು. ಹಿರಿಯರು "ಏ ಯವ್ವಾ!" ಎಂದು ಗದರಿದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಬಂತು, ಅಷ್ಟು ಜನರ ನಡುವೆ ಆಕೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ.

"ನನ್ನ ಸೊಸಿ ಎಡಚಿ ಇದ್ದಾಳ್ರಿ. ಅಕಿ ಎಡಗೈಲೇ ಕೊಡ್ತಾಳ."

ನಾನು ಎಡಗೈ ತುಂಬ ಮಣ್ಣು ಕೊಟ್ಟೆ.