ಕೆಂಪು ಗುರುತು ಬಿದ್ದ ಗಾಳಿ

ಬಂದರಿನ ದೋಣಿಯವರು ಅವಳಿಗೆ ಇಟ್ಟ ಹೆಸರು ‘ಅಲೆ ಮೇಡಂ’. ಸಮುದ್ರದಲ್ಲಿ ಲಂಗರು ಹಾಕಿ ನಿಲ್ಲಿಸಿದ ತೇಲುಯಂತ್ರಗಳು ಗಾಳಿ, ಅಲೆ, ನೀರಿನ ಬಿಸಿ ಎಲ್ಲವನ್ನೂ ಅಳೆದು ಆಗಿಂದಾಗಲೇ ಕಚೇರಿಗೆ ಕಳಿಸುತ್ತಿದ್ದವು. ಕಂಪ್ಯೂಟರಿನ ಮುಂದೆ ಕೂತು ಅದರಲ್ಲಿ ಯಾವುದನ್ನು ನಂಬಬಹುದು, ಯಾವುದನ್ನು ನಂಬಬಾರದು ಎಂದು ನೋಡುವುದು ಅವಳ ಕೆಲಸ. ಅನುಮಾನ ಬಂದದ್ದಕ್ಕೆ ಕೆಂಪು ಗುರುತು. ಕೆಂಪು ಬಿದ್ದದ್ದು ಮುನ್ನೆಚ್ಚರಿಕೆಯ ಲೆಕ್ಕಕ್ಕೆ ಸೇರುತ್ತಿರಲಿಲ್ಲ.

ಅವಳಿಗೆ ತಲೆನೋವಾಗಿದ್ದವನು ಬೇರೆ ಯಾರೂ ಅಲ್ಲ, ಹೆತ್ತ ಅಪ್ಪ. ತೇಲುಯಂತ್ರದ ನೆರಳಿಗೆ ಮೀನು ಗುಂಪುಗಟ್ಟುತ್ತವೆ ಎಂದು ದೋಣಿಯನ್ನು ಅದಕ್ಕೇ ಕಟ್ಟಿ ಗಾಳ ಬಿಡುತ್ತಿದ್ದ. ಯಂತ್ರ ವಾಲಿ, ಗಾಳಿಯ ಗೆರೆ ಪರದೆಯ ಮೇಲೆ ಹುಚ್ಚುಹುಚ್ಚಾಗಿ ಕುಣಿಯುತ್ತಿತ್ತು. ಅವಳು ಕಚೇರಿಯಲ್ಲಿ ಬಾಯಿ ಬಿಡದೆ ಕೆಂಪು ಒತ್ತುತ್ತಿದ್ದಳು.

ಒಂದು ಸಂಜೆ ಮಗುವನ್ನು ಸೊಂಟಕ್ಕೇರಿಸಿಕೊಂಡು ತವರಿಗೆ ಹೋಗಿ ಜಗಳವನ್ನೇ ತೆಗೆದಳು. ತನ್ನ ಕೆಲಸ ಹೋದರೆ ಈ ಮಗುವಿನ ಗತಿಯೇನು ಎಂದಳು.

"ನಿನ್ನ ಯಂತ್ರಾನೇ ಮೀನು ಕರೆದು ಕೂರಿಸ್ಕೊಳ್ಳುತ್ತೆ, ಬೈಗುಳ ಮಾತ್ರ ನನಗಾ?" ಎಂದು ಅಪ್ಪ ನಕ್ಕ. ಆಮೇಲೆ ಅವಳ ಮುಖ ನೋಡಿ, ಮೊಮ್ಮಗಳ ತಲೆ ಸವರಿ, "ಆಯ್ತು ಬಿಡಮ್ಮ, ಇನ್ನು ಆ ಕಡೆ ತಲೆ ಹಾಕಲ್ಲ" ಎಂದ.

ಅವಳು ನಂಬಲಿಲ್ಲ. ಇಂಥ ಮಾತು ಎಷ್ಟು ಸಲ ಕೊಟ್ಟಿದ್ದನೋ.

ಆ ವಾರವೇ ಒಂದು ಬೆಳಿಗ್ಗೆ ಗೆರೆ ಕುಣಿಯಿತು. ಮಗುವಿಗೆ ಜ್ವರ, ಅವಳ ಅರ್ಧ ಜೀವ ಮನೆಯಲ್ಲಿ. ಮತ್ತೆ ಕಟ್ಟಿದ್ದಾನೆ ಹಟಮಾರಿ ಎಂದು ಗೊಣಗಿ, ಕೆಂಪು ಒತ್ತಿ, ಮಗುವನ್ನು ನೋಡಿಕೊಳ್ಳುತ್ತಿದ್ದ ಅತ್ತೆಗೆ ಫೋನ್ ಮಾಡಿದಳು. ಜ್ವರ ಇಳಿದಿದೆ ಎಂದು ಕೇಳಿ ಉಸಿರು ಬಿಟ್ಟು ತಿರುಗಿದರೆ, ಪಕ್ಕದ ತೇಲುಯಂತ್ರದ ಗೆರೆಯೂ ಹಾಗೇ ಎದ್ದಿತ್ತು. ಒಂದು ದೋಣಿಯನ್ನು ಎರಡು ಕಡೆ ಕಟ್ಟಲಾಗದು. ಅವಳು ಮೇಲಧಿಕಾರಿಯ ಕೋಣೆಗೆ ಓಡಿದಳು. ಬಂದರಿಗೆ ಎಚ್ಚರಿಕೆ ಹೋಗುವ ಹೊತ್ತಿಗೆ ಬಿರುಗಾಳಿ ದಡಕ್ಕೇ ಬಂದಿತ್ತು.

ಉಳಿದ ದೋಣಿಗಳು ಹೇಗೋ ದಡ ಮುಟ್ಟಿದವು. ಅಪ್ಪನದು ಮಾತ್ರ ತೇಲುಯಂತ್ರದಿಂದ ಬಹುದೂರ, ಅವನೆಂದೂ ಹೋಗದ ಕಡೆ, ಮಗುಚಿ ಸಿಕ್ಕಿತು. ಅವನು ಸಿಗಲಿಲ್ಲ.

ಜೊತೆಗೆ ಹೊರಟಿದ್ದ ಇನ್ನೊಬ್ಬ ದೋಣಿಯವನು ಅವಳ ಕಣ್ಣು ನೋಡದೆ ಹೇಳಿದ: "ಯಂತ್ರದ ಹತ್ರ ಹೋಗೋಣ ಅಂದೆ ಮೇಡಂ, ಬರಲಿಲ್ಲ. ಮಗಳಿಗೆ ಮಾತು ಕೊಟ್ಟಿದ್ದೀನಿ ಅಂದ್ರು."

ರಜೆ ಮುಗಿಸಿ ಬಂದವಳಿಗೆ ಮೇಲಧಿಕಾರಿ ಮೆಲ್ಲಗೆ, ಗಾಳಿ ನಿಜವಾದದ್ದು, ಆ ದಿನದ ದಾಖಲೆ ತಿದ್ದಬೇಕಲ್ಲ ಎಂದರು. ಬೇಕಿದ್ದರೆ ತಾವೇ ತಿದ್ದುವುದಾಗಿಯೂ ಹೇಳಿದರು. ಅವಳು ಕುರ್ಚಿ ಬಿಟ್ಟೇಳಲಿಲ್ಲ. ಒಂದೊಂದೇ ಅಳತೆಯ ಕೆಂಪು ತೆಗೆದು ‘ನಂಬಬಹುದು’ ಎಂದು ಒತ್ತಿದಳು. ಪರದೆ ಮಸುಕಾದಾಗ ಕಣ್ಣೊರೆಸಿಕೊಂಡು ಮುಂದಿನದನ್ನು ಒತ್ತಿದಳು.