ಜಾವಳಿಯ ಕರೆ ಅಕ್ಕನಿಗೆ ಕೇಳಿಸಿದ್ದು

ಬೆಳಗ್ಗೆ ಚಿಕ್ಕಮಗಳೂರಿನಲ್ಲಿ ಬಸ್ಸು ಹತ್ತಿದಾಗ ಅಕ್ಕನ ಮಂದವಾದ ಕಿವಿಯಲ್ಲಿ ಹೊಸ ಮಷೀನು ಇತ್ತು, ಕೈಚೀಲದಲ್ಲಿ ಅದರ ಡಬ್ಬಿ. ಜಾವಳಿಯಲ್ಲಿರುವ ಬಾಲ್ಯದ ಗೆಳತಿ ಸುಮಿತ್ರಕ್ಕನ ಮಾತೂ ಇವತ್ತು ತಿಳಿಯದಿದ್ದರೆ ಮಷೀನನ್ನು ಡಬ್ಬಿಗೆ ಹಾಕಿ ಮುಚ್ಚಿಬಿಡುತ್ತೇನೆ ಎಂದಿದ್ದಳು. "ಬರೀ ಸದ್ದು ಕೇಳ್ತದೆ ಕಣೆ, ಮಾತು ಕೇಳಲ್ಲ."

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು. ಅಕ್ಕ ಉತ್ತರ ಕೊಡದಿದ್ದಾಗ ಕಂಡಕ್ಟರ್ ಅವಳ ಕಿವಿಯ ಹತ್ತಿರವೇ "ಎಲ್ಲಿಗಮ್ಮಾ!" ಎಂದು ಕೂಗಿದರು. ಅಕ್ಕ ಕಿವಿ ಮುಚ್ಚಿಕೊಂಡಳು. "ಹೊಡೀಬೇಡಪ್ಪ, ಹೇಳು." ಕಂಡಕ್ಟರೂ ನಕ್ಕರು.

ಮೂಡಿಗೆರೆಯಲ್ಲಿ ಇಳಿದು ಬಿಸಿ ಕಡುಬು, ಚಟ್ನಿ ತಿಂದೆವು. ಇನ್ನೊಂದು ಬಸ್ಸು ಹಿಡಿದು ಜಾವಳಿ ತಲುಪುವಾಗ ಮಂಜು ಕರಗಿ ಬಿಸಿಲು ಬಂದಿತ್ತು. ತೋಟಗಳಲ್ಲಿ ಕಾಫಿ ಹಣ್ಣು ಕೊಯ್ಯುತ್ತಿದ್ದರು.

ಸುಮಿತ್ರಕ್ಕ ಅಂಗಳದಲ್ಲೇ ಅಕ್ಕನನ್ನು ಅಪ್ಪಿಕೊಂಡರು. ಒಳಗೆ ಕೂತದ್ದೇ ತಡ, "ಎಷ್ಟ್ವರ್ಷಾಯ್ತೇ, ಸಣ್ಣಗಾಗ್ಬಿಟ್ಟಿದ್ದೀಯಲ್ಲೇ, ಮನೇಲೆಲ್ಲ ಚೆನ್ನಾಗಿದಾರೇನೇ?" ಎಂದು ಒಂದೇ ಉಸಿರಿಗೆ ಕೇಳಿದರು. ಅಕ್ಕ ನನ್ನ ಮುಖ ನೋಡಿದಳು. ಇನ್ನೊಮ್ಮೆ ಹೇಳಿದರೂ ಅಷ್ಟೇ. ಸುಮ್ಮನೆ ತಲೆಯಾಡಿಸುತ್ತಾ ಚೀಲದೊಳಗಿನ ಡಬ್ಬಿಗೆ ಕೈ ಹಾಕಿದಳು.

ಅಷ್ಟರಲ್ಲಿ ಟೀ ಹೊತ್ತಾಯಿತೆಂದು ಸುಮಿತ್ರಕ್ಕ ಜಗಲಿಗೆ ಹೋಗಿ, ಇಳಿಜಾರಿನಲ್ಲಿ ಕೊಯ್ಲು ಮಾಡುತ್ತಿದ್ದವರನ್ನು ಕರೆದರು. ಕಿರುಚಲಿಲ್ಲ. ಒಂದೊಂದು ಪದವನ್ನೂ ಪೂರ್ತಿ ಬಿಡಿಸಿ, ಕೊನೆಯನ್ನು ಎಳೆದು, ಕೊಂಚ ತಡೆದು ಮುಂದಿನದನ್ನು ಕಳಿಸಿದರು. ಅಷ್ಟು ಗಿಡಗಳನ್ನು ದಾಟಿ ಮಾತು ಕೆಡದೆ ಹೋಗಬೇಕಲ್ಲ!

"ಎಲ್ಲರೂ... ಟೀ ಕುಡಿಯೋಕೆ... ಬನ್ನೀ..."

"ಟೀಗೆ ಕರೀತಿದ್ದಾಳೆ!" ಅಕ್ಕ ಎದ್ದೇ ನಿಂತಳು. "ಸುಮಿ, ನಾನೂ ಅಲ್ಲಿ ಕೆಳಗೆ ಹಣ್ಣು ಕೊಯ್ತಿದ್ದೀನಿ ಅಂದ್ಕೊಂಡು ಮಾತಾಡೇ ಮಾರಾಯ್ತಿ!"

ಸುಮಿತ್ರಕ್ಕ ನಗುತ್ತಾ ಬಂದು ಎದುರಿಗೇ ಕೂತರು. ದನಿ ತಗ್ಗಿತು, ಬಾಯಿ ಮಾತ್ರ ಹಾಗೇ ತೆರೆಯಿತು. "ನಿನ್ನ ತಲೆ... ಪೂರ್ತಿ... ಬೆಳ್ಳಗಾಗಿದೆ."

"ನಿನ್ನ ನಾಲಿಗೆ ಹಂಗೇ ಇದೆ," ಅಂದಳು ಅಕ್ಕ.

ಊಟದ ಹೊತ್ತಿಗೆ ಎಳೆತ ಕಡಿಮೆಯಾಯಿತು, ಆದರೆ ಪದಗಳ ಕೊನೆಯನ್ನು ಅವರು ನುಂಗಲಿಲ್ಲ. ಸಾರಿಗೆ ಉಪ್ಪು ಹಾಕುವ ಕೈಯಂತೆ, ಅಕ್ಕನ ಮುಖ ನೋಡಿಯೇ ಎಷ್ಟು ಬೇಕೆಂದು ಅಳೆದುಕೊಂಡರು. ನಾನು ಬೆರಗಿನಿಂದ ನೋಡುತ್ತಾ ಕೂತೆ.

ಸಂಜೆ ಬಸ್ಸು ಹೊರಡುವಾಗ ಸುಮಿತ್ರಕ್ಕ ಕಿಟಕಿಯ ಕೆಳಗೆ ನಿಂತು ಏನೋ ಹೇಳಿದರು. ಇಂಜಿನ್ನಿನ ಸದ್ದಿನಲ್ಲಿ ನನಗೆ ತಿಳಿಯಲಿಲ್ಲ.

"ಏನಂದ್ರು?"

ಅಕ್ಕ ನನ್ನ ಕಡೆ ತಿರುಗಿ, ಬಾಯಿ ಅಗಲಿಸಿ, ಸಾವಕಾಶವಾಗಿ ಹೇಳಿದಳು: "ಮುಂದಿನ ಸಲ... ನಾಲ್ಕು ದಿನ... ಇರೋ ಹಾಗೆ... ಬಾ."

ಆಮೇಲೆ ಖಾಲಿ ಡಬ್ಬಿಯನ್ನು ಚೀಲದ ತಳಕ್ಕೆ ತಳ್ಳಿ, ಕಿಟಕಿಯ ಆಚೆ ಕೈ ಬೀಸಿದಳು.