ನರಸಪ್ಪನ ದನಿಯಲ್ಲಿ ನಾನು ಅಂದ ‘ರೈಟ್’

ಗಂಗಕ್ಕ, ಅವತ್ತು ಬಸ್ಸು ಬಿಡಿಸಿದವನು ಕಂಡಕ್ಟರ್ ನರಸಪ್ಪನಲ್ಲ — ನಾನು. ಇಷ್ಟು ವರ್ಷ ನೀನು ಅವನಿಗೆ ಹಾಕಿದ ಶಾಪವೆಲ್ಲ ನನಗೆ ತಟ್ಟಬೇಕಾದದ್ದು.

ನಿನಗೆ ಓದಲು ಬಾರದು. ಆದರೂ ಬರೆಯುತ್ತಿದ್ದೇನೆ — ಬಾಯಲ್ಲಿ ಹೇಳಹೊರಟರೆ ಎಲ್ಲಿ ಶಾನುಭೋಗರ ಕೆಮ್ಮೋ, ಮೇಷ್ಟರ ಮೂಗಿನ ರಾಗವೋ ನುಗ್ಗಿಬಿಡುತ್ತದೋ ಎಂಬ ಭಯ. ಊರವರ ದನಿಯೆಲ್ಲ ನನ್ನ ಗಂಟಲಲ್ಲಿದೆ, ನನ್ನದೊಂದು ಬಿಟ್ಟು.

ಕೊಡಿಗೇನಹಳ್ಳಿಯ ಹೆರಿಗೆ ಕೋಣೆಗೆ ಆಗಷ್ಟೇ ಬೀಗ ಬಿದ್ದಿತ್ತು. ಮಧುಗಿರಿಯ ದೊಡ್ಡಾಸ್ಪತ್ರೆಯಲ್ಲಿ ಎಲ್ಲ ಅನುಕೂಲವೂ ಇದೆಯೆಂದು ನರ್ಸಮ್ಮನನ್ನೂ ಅಲ್ಲಿಗೇ ಕರೆಸಿಕೊಂಡಿದ್ದರು. ಅನುಕೂಲ ಅಲ್ಲಿತ್ತು, ಬಸುರಿಯರು ಇಲ್ಲಿದ್ದರು. ನಡುವೆ ಇದ್ದದ್ದು ಹಿಂದೂಪುರದಿಂದ ಬರುವ ಬೆಳಗಿನ ಬಸ್ಸೊಂದೇ.

ನರಸಪ್ಪ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ. ನಾನು ಯಾರಿಗೂ ಕಾಣದಂತೆ ಬಸ್ಸಿನ ಹಿಂದೆ ನಿಂತು, ಥೇಟ್ ಅವನ ಗೊಗ್ಗರು ದನಿಯಲ್ಲಿ, ಅವನದೇ ತೆಲುಗಿನಲ್ಲಿ, “ರೈ...ಟ್! ಪೋನೀ, ಪೋನೀ!” — ಹೋಗಲಿ, ಹೋಗಲಿ — ಎಂದೆ. ಡ್ರೈವರು ಬಿಟ್ಟೇಬಿಟ್ಟ. ನರಸಪ್ಪ ಲೋಟ ಬಿಸಾಡಿ ಓಡಿ ಬಾಗಿಲ ಸರಳಿಗೆ ಜೋತುಬಿದ್ದ. ಎಲ್ಲರೂ ನಕ್ಕರು — ನಾನೂ.

ಆಗ ಓಣಿಯ ತಿರುವಿನಲ್ಲಿ ನೀನು ಕಂಡೆ. ಹೊಟ್ಟೆ ಹಿಡಿದುಕೊಂಡು... ನಿನ್ನತ್ತೆ ಕೈ ಬೀಸುತ್ತ, “ನಿಲ್ಸ್ರಪ್ಪೋ, ನೋವು ಬಂದ್ಬುಟ್ಟದೆ!” ಎಂದು ಕೂಗುತ್ತಿದ್ದರು; ಅಷ್ಟು ದೂರದಿಂದ ಅದು ಬಸ್ಸಿನವರಿಗೆ ಕೇಳಲಿಲ್ಲ. ಬಸ್ಸಿನ್ನೂ ಹುಣಸೆಮರ ದಾಟಿರಲಿಲ್ಲ. ‘ಹೋಲ್ಡಾನ್’ ಕೂಡ ನನಗೆ ಅವನ ದನಿಯಲ್ಲೇ ಬರುತ್ತಿತ್ತು, ಗಂಗಕ್ಕ. ಕೂಗಿದ್ದರೆ ಬಸ್ಸು ನಿಲ್ಲುತ್ತಿತ್ತು. ಕೂಗಿದ್ದರೆ ಮೊದಲಿನದೂ ನನ್ನದೇ ಎಂದು ಗೊತ್ತಾಗಿಬಿಡುತ್ತಿತ್ತು — ಬಾಯಿ ಮುಚ್ಚಿಕೊಂಡೆ. ಜೀವಮಾನದಲ್ಲಿ ಅದೊಂದೇ ಸಲ.

ನಿನ್ನನ್ನು ಎತ್ತಿನ ಗಾಡಿಯಲ್ಲಿ ಕರೆದೊಯ್ದರು. ನೀನು ಹೇಗೋ ಆಸ್ಪತ್ರೆ ಮುಟ್ಟಿ ಉಳಿದೆ. ಮಗು ದಾರಿಯಲ್ಲೇ...

“ನಾನು ರೈಟ್ ಅನ್ಲೇ ಇಲ್ಲ” ಎಂದು ನರಸಪ್ಪ ಆಣೆಯಿಟ್ಟ. “ನಿನ್ ದನಿ ನಂಗೊತ್ತಿಲ್ವೇನ್ಲಾ?” ಎಂದ ಡ್ರೈವರು. ಈಗೀಗ ನರಸಪ್ಪನೇ, “ಅಂದಿದ್ರೂ ಅಂದಿರ್ಬೌದು ಬುಡಪ್ಪ” ಎನ್ನುತ್ತಾನೆ.

ನಿನಗೀಗ ಮತ್ತೆ ತಿಂಗಳು ತುಂಬುತ್ತಿದೆ. ನಿನ್ನೆ ಬಾವಿಕಟ್ಟೆಯಲ್ಲಿ, “ಆ ಕೊಲೆಗಾರನ ಬಸ್ ಹತ್ತಕಿಲ್ಲ ಕಣಮ್ಮ, ಏನಾದ್ರೂ ಮನೇಲೇ ಆಗ್ಲಿ” ಅಂದೆಯಂತೆ. ಇರುವುದು ಅದೊಂದೇ ಬಸ್ಸು. ಹಟ ಹಿಡಿದು ನೀನು ಮನೆಯಲ್ಲೇ ಉಳಿದರೆ, ಏನಾದರೂ ಆದರೆ — ಅದೂ ನನ್ನದೇ.

ಇವತ್ತೇ ನಿನ್ನ ಬಾಗಿಲಿಗೆ ಬಂದು ಇದನ್ನು ಓದುತ್ತೇನೆ. ಆಮೇಲೆ ನರಸಪ್ಪನಿಗೂ ಹೇಳುತ್ತೇನೆ. ಪೊರಕೆ ತೆಗೆದುಕೊ, ಊರು ಕೂಡಿಸು. ಆದರೆ ಅವನ ಬಸ್ಸು ಹತ್ತು, ಗಂಗಕ್ಕ. ನೀನು ಕೂತು, ನಿನ್ನ ಬಾಯಿಂದಲೇ ‘ರೈಟ್’ ಅನ್ನುವವರೆಗೂ ನಾನು ಬಸ್ಸಿನ ಮುಂದೆ ನಿಂತಿರುತ್ತೇನೆ.